ಮಾರಿಯೋ ಜೊತೆ ಬೆರಳಚ್ಚು: ಹಳೆಯ ಡಾಸ್ ಆಟವೊಂದರ ದೀರ್ಘಕಾಲದ ಬಳಕೆಯ ಅನುಭವ

ಮಕ್ಕಳಿಗೆ ಕೀಲಿಮಣೆ ಕಲಿಸಲು ಏನಾದರೂ ಹೇಳಿ ಎಂದು ಕೇಳಿದವರಿಗೆಲ್ಲ ನಾನು ಹೇಳುವ ಹೆಸರು ಒಂದೇ: 'ಮಾರಿಯೋ ಟೀಚಸ್ ಟೈಪಿಂಗ್'. ಇಂಟರ್‌ಪ್ಲೇ ಸಂಸ್ಥೆ 1992ರಲ್ಲಿ ಡಾಸ್ (ಆಗಿನ ಕಾಲದ ಕಾರ್ಯಾಚರಣಾ ವ್ಯವಸ್ಥೆ) ಕಂಪ್ಯೂಟರ್‌ಗಳಿಗಾಗಿ ಹೊರತಂದ ಆಟ. ನಮ್ಮ ಮನೆಯಲ್ಲಿ ಮೊದಲು ಮಗಳು, ಈಗ ಅಕ್ಕನ ಮಗ, ಇಬ್ಬರೂ ಇದರಲ್ಲೇ ಪಳಗಿದವರು.

ಪರದೆಯ ಮೇಲ್ಭಾಗದಲ್ಲಿ ವಿಡಿಯೋ ಆಟಗಳ ನಾಯಕ ಮಾರಿಯೋ ಓಡುತ್ತಿರುತ್ತಾನೆ. ಎದುರಾಗುವ ಇಟ್ಟಿಗೆ, ಆಮೆಗಳ ಮೇಲೆ ಒಂದೊಂದು ಅಕ್ಷರ. ಸರಿಯಾದ ಕೀಲಿ ಒತ್ತಿದರೆ ಇಟ್ಟಿಗೆಗೆ ಗುದ್ದುತ್ತಾನೆ, ಆಮೆಯನ್ನು ತುಳಿಯುತ್ತಾನೆ. ಕೆಳಭಾಗದಲ್ಲಿ ಕೀಲಿಮಣೆಯ ಮೇಲಿಟ್ಟ ಎರಡು ಕೈಗಳ ಚಿತ್ರ. ಯಾವ ಅಕ್ಷರಕ್ಕೆ ಯಾವ ಬೆರಳು ಎಂಬುದನ್ನು ಅದು ತೋರಿಸುತ್ತಲೇ ಇರುತ್ತದೆ. ಆಟದ ಜೀವಾಳವೇ ಈ ಚಿತ್ರ. ಗೊತ್ತಾಗದಾಗ ಮಗು ತಲೆ ತಗ್ಗಿಸಿ ತನ್ನ ಕೈ ನೋಡಿಕೊಳ್ಳಬೇಕಾಗಿಲ್ಲ, ಪರದೆಯಲ್ಲಿರುವ ಕೈ ನೋಡಿದರೆ ಸಾಕು. ಮೊದಲು ನಡುಸಾಲಿನ ಕೀಲಿಗಳು, ಆಮೇಲೆ ಮೇಲಿನ ಸಾಲು, ಕೆಳಗಿನ ಸಾಲು ಎಂದು ಪಾಠ ಮೆಲ್ಲಗೆ ಹಿಗ್ಗುತ್ತದೆ. 'ಪಿ' ಒತ್ತಲು ಅಕ್ಕನ ಮಗ ಮೊದಮೊದಲು ಇಡೀ ಬಲಗೈಯನ್ನೇ ಎತ್ತುತ್ತಿದ್ದ. ಈಗ ಕಿರುಬೆರಳೊಂದೇ ಚಾಚಿ, ತನ್ನ ಜಾಗಕ್ಕೆ ಮರಳುತ್ತದೆ. "ಚಿಕ್ಕಮ್ಮ, ನಾನು ಕೆಳಗೆ ನೋಡಲೇ ಇಲ್ಲ!" ಎಂದು ಅವನು ಕೂಗಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮುಂದಿನ ಹಂತಗಳಲ್ಲಿ ನೀರಿನೊಳಗೆ ಈಜುತ್ತ, ಕೋಟೆಯೊಳಗೆ ನುಗ್ಗುತ್ತ ಪದಗಳನ್ನು ಟೈಪಿಸಬೇಕು. ಕೊನೆಯ ಹಂತ ಮಾತ್ರ ನನಗೆ ಹಿಡಿಸಿಲ್ಲ. ಅಲ್ಲಿ ಉದ್ದುದ್ದ ವಾಕ್ಯಗಳು ಬಂದು ಆಟ ಹಿಂದೆ ಸರಿಯುತ್ತದೆ, ಮಕ್ಕಳ ಉತ್ಸಾಹವೂ ಇಳಿಯುತ್ತದೆ. ಹಂತಗಳು ನಾಲ್ಕೇ ಆದ್ದರಿಂದ ಕೆಲವು ತಿಂಗಳಲ್ಲಿ ಬೇಸರ ಬರುವುದೂ ಉಂಟು.

ಆದರೂ ಆ ಕಾಲದ ಮತ್ತೊಂದು ಕಲಿಕೆಯ ಆಟ 'ಮಾರಿಯೋ ಈಸ್ ಮಿಸ್ಸಿಂಗ್' ಜೊತೆ ಇಟ್ಟು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಅದರಲ್ಲಿ ಮಾರಿಯೋನ ಸಹೋದರ ಲುಯಿಜಿ ಊರೂರು ಸುತ್ತಿ, ಕಳುವಾದ ವಸ್ತುಗಳನ್ನು ಅವುಗಳ ಜಾಗಕ್ಕೆ ಮರಳಿಸುತ್ತಾನೆ. ಭೂಗೋಳದ ಮಾಹಿತಿ ಬೇಕಾದಷ್ಟಿದೆ, ಆದರೆ ಲುಯಿಜಿಯ ಬದಲು ಬೇರೆ ಯಾರನ್ನು ನಿಲ್ಲಿಸಿದರೂ ಪಾಠ ಬದಲಾಗುವುದಿಲ್ಲ. ಇಲ್ಲಿ ಹಾಗಲ್ಲ, ಮಗುವಿನ ಬೆರಳು ಆಡಿದರಷ್ಟೇ ಮಾರಿಯೋನ ಓಟ ಸಾಗುತ್ತದೆ.

ಇಂದಿನ ವಿಂಡೋಸ್‌ನಲ್ಲಿ ಡಾಸ್ ಆವೃತ್ತಿ ನೇರವಾಗಿ ನಡೆಯುವುದಿಲ್ಲ, ಹಳೆಯ ಡಾಸ್ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಬೇಕು. ಒಮ್ಮೆ ಹೊಂದಿಸಿಟ್ಟರೆ ಮತ್ತೆ ತಲೆನೋವಿಲ್ಲ. ನಂತರ ಬಂದ ಸಿಡಿ ಆವೃತ್ತಿಯಲ್ಲಿ ಚಾರ್ಲ್ಸ್ ಮಾರ್ಟಿನೆಟ್ ಅವರ ಧ್ವನಿಯಲ್ಲಿ ಮಾರಿಯೋ ಮಾತನಾಡುತ್ತಾನೆ. ಚಿಕ್ಕ ಮಕ್ಕಳಿಗೆ ಅದೇ ಹೆಚ್ಚು ಇಷ್ಟ.

ಕನ್ನಡ ಟೈಪಿಸುವ ಮನೆಗಳಿಗೆ ಇನ್ನೊಂದು ಲಾಭವಿದೆ. ಕನ್ನಡ ಟೈಪಿಸಲೆಂದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಂಗ್ಲಿಷ್ ಕೀಲಿಗಳ ಉಚ್ಚಾರಣೆಯನ್ನೇ ಅನುಸರಿಸುತ್ತದೆ: 'ಕೆ' ಒತ್ತಿದರೆ ಕ, 'ಎಂ' ಒತ್ತಿದರೆ ಮ. ಒತ್ತಕ್ಷರಕ್ಕೆ ಬೇಕಾದ 'ಎಫ್' ಎಡಗೈ ತೋರುಬೆರಳಿನ ಅಡಿಯಲ್ಲೇ ಇದೆ. ಬೆರಳುಗಳಿಗೆ ಆಗಲೇ ದಾರಿ ಗೊತ್ತಿದ್ದುದರಿಂದ ಮಗಳಿಗೆ ನಾನು ಹೇಳಿಕೊಡಬೇಕಾದದ್ದು ದೀರ್ಘ, ಮಹಾಪ್ರಾಣ ಮತ್ತು ಒತ್ತಕ್ಷರಗಳ ನಿಯಮ ಮಾತ್ರ.