ದಾಖಲೆಯಿಂದ ಸ್ಲ್ಯಾಕ್‌ಗೆ ನೇರ ಕೊಂಡಿ: ಗಂಗಾವತಿಯಿಂದ ಮೂರು ವರ್ಷಗಳ ಬಳಕೆಯ ವಿಮರ್ಶೆ

ಕೊಪ್ಪಳ ಜಿಲ್ಲೆಯ ಗಂಗಾವತಿಯ ಅಕ್ಕಿ ಗಿರಣಿಯೊಂದರ ಖರೀದಿ ವಿಭಾಗದ ದಾಖಲೆಗಳನ್ನು ನಾನು ನೋಡಿಕೊಳ್ಳುತ್ತೇನೆ. ಭತ್ತದ ತೇವಾಂಶ, ಲಾಟಿನ ದರ, ಲಾರಿಗಳ ಸರದಿ, ಇವೆಲ್ಲದರ ಮಾತುಕತೆ ತಂಡಗಳ ಸಂದೇಶ ವಿನಿಮಯದ ಆ್ಯಪ್ ಆದ ಸ್ಲ್ಯಾಕ್‌ನಲ್ಲಿ ನಡೆಯುತ್ತದೆ. ದಾಖಲೆಗೆ ಬರುವುದು ತೀರ್ಮಾನ ಮಾತ್ರ. ಈ ಎರಡನ್ನೂ ಬೆಸೆಯುವ ನೇರ ಕೊಂಡಿಗಳನ್ನು, ಅಂದರೆ ಒತ್ತಿದರೆ ಸ್ಲ್ಯಾಕ್‌ನ ಆ ಮಾತುಕತೆಗೇ ಒಯ್ಯುವ ಲಿಂಕ್‌ಗಳನ್ನು, ಮೂರು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ.

ಕೊಂಡಿಗಳಲ್ಲಿ ಎರಡು ಬಗೆಗಳಿವೆ. ಸಂದೇಶದ ಮೆನುವಿನಲ್ಲಿ 'ಕಾಪಿ ಲಿಂಕ್' ಒತ್ತಿದರೆ ಸಿಗುವುದು ಸಾಮಾನ್ಯ ವೆಬ್ ವಿಳಾಸ. ಇನ್ನೊಂದು, 'ಸ್ಲ್ಯಾಕ್' ಎಂಬ ಪದ, ಕೋಲನ್ ಮತ್ತು ಎರಡು ಓರೆಗೆರೆಗಳಿಂದ ಆರಂಭವಾಗಿ ನೇರವಾಗಿ ಆ್ಯಪನ್ನೇ ತೆರೆಯುವಂಥದ್ದು. ಇದನ್ನು ನಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ವರ್ಕ್‌ಸ್ಪೇಸ್ (ಸಂಸ್ಥೆಯ ಸ್ಲ್ಯಾಕ್ ತಾಣ) ಮತ್ತು ಚಾನೆಲ್‌ಗಳ (ಅದರೊಳಗಿನ ವಿಷಯವಾರು ಮಾತುಕತೆಯ ಗುಂಪುಗಳ) ಗುರುತುಗಳು, ಅಂದರೆ ನಮ್ಮಲ್ಲಿ ಟಿ ಮತ್ತು ಸಿ ಅಕ್ಷರಗಳಿಂದ ಆರಂಭವಾಗುವ ಸಾಲುಗಳು, ಬ್ರೌಸರ್‌ನಲ್ಲಿ ಚಾನೆಲ್ ತೆರೆದಾಗ ವಿಳಾಸದಲ್ಲಿಯೇ ಕಾಣುತ್ತವೆ.

ಆ್ಯಪ್ ಕೂಡಲೇ ತೆರೆದುಕೊಳ್ಳುವುದನ್ನು ಕಂಡು ಮೊದಲ ಹಂಗಾಮಿನಲ್ಲಿ ಎಲ್ಲ ದಾಖಲೆಗಳಿಗೂ ಎರಡನೆಯ ಬಗೆಯನ್ನೇ ಹಾಕಿದೆ. ಅದು ನನ್ನ ತಪ್ಪು. ವೇಬ್ರಿಡ್ಜ್ ಕೋಣೆಯ ಕಂಪ್ಯೂಟರಿನಲ್ಲಿ ಆ್ಯಪ್ ಇರಲಿಲ್ಲ. ಒತ್ತಿದರೂ ಏನೂ ಆಗದಿದ್ದಾಗ ಅಲ್ಲಿಯ ಗುಮಾಸ್ತರು ದಾಖಲೆಯೇ ಕೆಟ್ಟಿದೆ ಎಂದು ತಿಳಿದು ಹಳೆಯ ಮುದ್ರಿತ ದರಪಟ್ಟಿಗೆ ಮರಳಿದ್ದರು. ಈಗ ಹಂಚುವ ದಾಖಲೆಗಳಲ್ಲೆಲ್ಲ ವೆಬ್ ವಿಳಾಸವೇ ಇದೆ. ತೇವಾಂಶ ಪರೀಕ್ಷೆಯ ಕೋಣೆಯ ಗೋಡೆಗೆ ಅಂಟಿಸಿದ ಸೂಚನಾ ಹಾಳೆಯಲ್ಲಿ ಅದನ್ನೇ ಕ್ಯೂಆರ್ ಕೋಡ್ ಆಗಿ ಮುದ್ರಿಸಿದ್ದೇನೆ.

ನನಗೆ ಎಲ್ಲಕ್ಕಿಂತ ಉಪಕಾರವಾದದ್ದು ಒಂದೊಂದು ಸಂದೇಶಕ್ಕೂ ಪ್ರತ್ಯೇಕವಾಗಿ ಸಿಗುವ ಕೊಂಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ನಾಲೆಯ ನೀರನ್ನೇ ನಂಬಿದ ಈ ಸೀಮೆಯಲ್ಲಿ ಬೆಳೆಯ ಗತಿ ಏನೆಂಬ ಆತಂಕದ ನಡುವೆ ನಮ್ಮ ಖರೀದಿಯ ಅಂದಾಜನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ಪ್ರತಿ ತಿದ್ದುಪಡಿಯ ಪಕ್ಕದಲ್ಲಿಯೂ ಅದಕ್ಕೆ ಕಾರಣವಾದ ಸಂದೇಶದ ಕೊಂಡಿಯನ್ನು ಇಟ್ಟೆ. ಮರುವರ್ಷ ಆ ಕಡತವನ್ನು ಬಿಚ್ಚಿದಾಗ, ಯಾವ ಅಂಕಿ ಯಾರ ಮಾತಿನ ಮೇಲೆ ಬದಲಾಯಿತು ಎಂಬುದನ್ನು ಯಾರ ನೆನಪನ್ನೂ ಕೆದಕದೆ ತೋರಿಸಲು ಸಾಧ್ಯವಾಯಿತು. ಸಂದೇಶದ ಕೊಂಡಿಯ ವಿಳಾಸದಲ್ಲಿ ಪಿ ಅಕ್ಷರದ ನಂತರ ಬರುವ 16 ಅಂಕೆಗಳ ಪೈಕಿ ಮೊದಲ 10 ಅಂಕೆಗಳು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಸಂದೇಶ ಹೋದ ಹೊತ್ತು ಕೊಂಡಿಯಲ್ಲಿಯೇ ಅಡಗಿರುತ್ತದೆ ಎಂಬುದು ನನಗೆ ತುಂಬ ಮೆಚ್ಚಿಗೆಯಾದ ಸಂಗತಿ.

ಚಾನೆಲ್‌ನ ಹೆಸರು ಬದಲಾದರೂ ಗುರುತು ಬದಲಾಗುವುದಿಲ್ಲವಾದ್ದರಿಂದ ಹಳೆಯ ಕೊಂಡಿ ಕೆಲಸ ಮಾಡುತ್ತದೆ. ಖಾಸಗಿ ಚಾನೆಲ್‌ನ ಕೊಂಡಿ ಸದಸ್ಯರಿಗೆ ಮಾತ್ರ ತೆರೆಯುತ್ತದೆ. 2022ರ ಸೆಪ್ಟೆಂಬರ್‌ನಿಂದ ಉಚಿತ ಯೋಜನೆಯಲ್ಲಿ ಕಳೆದ 90 ದಿನಗಳ ಸಂದೇಶಗಳಷ್ಟೇ ಕಾಣುವುದರಿಂದ, ವರ್ಷಗಟ್ಟಲೆ ಉಳಿಯಬೇಕಾದ ದಾಖಲೆಗಳಿಗೆ ಹಣ ತೆರುವ ಯೋಜನೆಯೇ ಬೇಕು. ನಾವು ಅದನ್ನೇ ಪಡೆದಿದ್ದೇವೆ. ಆದರೂ ಪ್ರತಿ ಕೊಂಡಿಯ ಪಕ್ಕದಲ್ಲಿ ದಿನಾಂಕ, ದರ ಮತ್ತು ತೀರ್ಮಾನವನ್ನು ಒಂದು ಸಾಲಿನಲ್ಲಿ ಬರೆದಿಡುತ್ತೇನೆ, ಏಕೆಂದರೆ ಈ ಕಡತಗಳನ್ನು ಓದುವ ಲೆಕ್ಕ ಪರಿಶೋಧಕರು ನಮ್ಮ ವರ್ಕ್‌ಸ್ಪೇಸ್‌ನ ಸದಸ್ಯರಲ್ಲ.