ಸಾವರಿನ್ ಅಸಲಿಯೋ ನಕಲಿಯೋ: ಅಯಸ್ಕಾಂತದಿಂದ ಮಷೀನಿನವರೆಗೆ ಎಲ್ಲ ಮಾಡಿ ನೋಡಿದೆ

ಅಜ್ಜಿಯ ಟ್ರಂಕಿನಲ್ಲಿ ಎರಡು ಸಾವರಿನ್ (ಬ್ರಿಟಿಷರ ಬಂಗಾರದ ನಾಣ್ಯ) ಸಿಕ್ಕವು. ಒಂದು 1911ರದ್ದು, ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿತ್ತು. ಇನ್ನೊಂದು 1918ರದ್ದು, ಹಳೇ ಸೀರೆ ಚೂರಿನಲ್ಲಿ ಗಂಟು ಕಟ್ಟಿಟ್ಟದ್ದು. ಇವೆರಡೂ ಅಸಲಿಯೇ ಅಂತ ನೋಡಬೇಕಿತ್ತು. ಆದರೆ ಪರೀಕ್ಷೆ ಸರಿಯಾಗಿದೆಯಾ ಅಂತ ಗೊತ್ತಾಗಬೇಕಾದರೆ ಜೊತೆಗೆ ಖಂಡಿತ ನಕಲಿ ಆಗಿರುವ ಒಂದು ನಾಣ್ಯವೂ ಬೇಕು, ಅಲ್ವಾ? ಅದು ನಮ್ಮ ದೊಡ್ಡಪ್ಪನ ಹತ್ತಿರ ಇತ್ತು.

ದಾವಣಗೆರೆ ಕಡೆಯವರಿಗೆ ಈ ಕಥೆ ಹೊಸದಲ್ಲ. ಯಾರೋ ಫೋನ್ ಮಾಡುತ್ತಾರೆ, ಮನೆ ಪಾಯ ತೆಗೆಯುವಾಗ ಕೊಡದ ತುಂಬ ಬಂಗಾರದ ನಾಣ್ಯ ಸಿಕ್ಕಿವೆ, ನಮಗೆ ಮಾರೋದಕ್ಕೆ ಬರಲ್ಲ, ಅರ್ಧ ರೇಟಿಗೆ ಕೊಡ್ತೀವಿ ಅನ್ನುತ್ತಾರೆ. ದೊಡ್ಡಪ್ಪ ಪೆದ್ದರಲ್ಲ. ಮೊದಲು ಒಂದು ನಾಣ್ಯ ತಂದು ಪತ್ತಾರರ ಹತ್ತಿರ ಉಜ್ಜಿಸಿ ನೋಡಿದರು, ಅಪ್ಪಟ ಬಂಗಾರ. ಪರೀಕ್ಷೆಯಲ್ಲಿ ತಪ್ಪಿರಲಿಲ್ಲ, ಆದರೆ ಉಜ್ಜಿಸಿದ ನಾಣ್ಯ ಬೇರೆ, ದುಡ್ಡು ಕೊಟ್ಟು ತಂದ ಚೀಲ ಬೇರೆ. (ನಿಜವಾಗಿ ನಿಧಿ ಸಿಕ್ಕರೂ 1878ರ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು, ಗುಟ್ಟಾಗಿ ಮಾರುವ ಹಾಗಿಲ್ಲ.) ಬಹಳ ಗೋಗರೆದ ಮೇಲೆ ಆ ಚೀಲದಿಂದ ಒಂದು ಬಿಲ್ಲೆ ಕೊಟ್ಟರು. ವಿಜಯನಗರದ ವರಾಹದ ಹಾಗೆ ಕಾಣುವ ಪುಟ್ಟ ದಪ್ಪ ಹಿತ್ತಾಳೆ ಬಿಲ್ಲೆ.

ಮೊದಲು ಅಯಸ್ಕಾಂತ. ಮೂರೂ ಅಂಟಲಿಲ್ಲ. ಹಿತ್ತಾಳೆಯೂ ಅಂಟಲ್ಲ, ತಾಮ್ರವೂ ಅಂಟಲ್ಲ, ಸೀಸವೂ ಅಂಟಲ್ಲ, ಹಾಗಾಗಿ ಇದರಿಂದ ಕಬ್ಬಿಣ ಸಿಕ್ಕಿಬೀಳುತ್ತೆ ಅಷ್ಟೇ. ಕಚ್ಚಿ ನೋಡೋದಂತೂ ಬೇಡವೇ ಬೇಡ, ಹಲ್ಲೂ ಹಾಳು ನಾಣ್ಯವೂ ಹಾಳು.

ಶಬ್ದದ ಪರೀಕ್ಷೆ ಚಂದ, ಆದರೆ ನಂಬಿಕೆಗೆ ಅರ್ಹ ಅನ್ನಿಸಲಿಲ್ಲ. ಬೆರಳ ತುದಿಯಲ್ಲಿಟ್ಟು ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿದರೆ 1918ರದ್ದು ಟಿಣ್ ಅಂತ ಎಳೆಯಿತು. 1911ರದ್ದು ಟಕ್ ಅಂತ ಸತ್ತೇ ಹೋಯಿತು. ಒಂದು ಕ್ಷಣ ನನ್ನ ಎದೆಯೂ ಟಕ್ ಅಂದಿತು. ಆಮೇಲೆ ಗೊತ್ತಾಯಿತು, ಕೊಂಡಿ ಬೆಸೆದ ನಾಣ್ಯ ಸರಿಯಾಗಿ ಮೊಳಗಲ್ಲ. ಹಿತ್ತಾಳೆ ಬಿಲ್ಲೆಯೂ ಚೆನ್ನಾಗಿಯೇ ಟಿಣ್ ಅಂದಿತು ಅನ್ನೋದು ಬೇರೆ ಮಾತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಕ್ಕಡಿ. ಸಾವರಿನ್ನಿನ ಲೆಕ್ಕ ಪಕ್ಕಾ: ತೂಕ 7.988 ಗ್ರಾಂ, ಅಗಲ 22.05 ಮಿಲಿಮೀಟರ್, 22 ಕ್ಯಾರೆಟ್. 1918ರದ್ದು 7.97 ತೂಗಿತು, ಸವೆದಿರುತ್ತೆ, ಸರಿ. ಅಗಲ ಕ್ಯಾಲಿಪರ್‌ನಲ್ಲಿ 22 ಬಂತು. ಇಲ್ಲಿ ಮೋಸ ಮಾಡೋದು ಕಷ್ಟ, ಯಾಕಂದರೆ ಅದೇ ಅಗಲ ಅದೇ ದಪ್ಪದಲ್ಲಿ ಹಿತ್ತಾಳೆಯಿಂದ ಮಾಡಿದರೆ ತೂಕ 4 ಗ್ರಾಂ ಕೂಡ ಬರಲ್ಲ. ತೂಕ ತುಂಬಿಸಲು ಹೋದರೆ ದಪ್ಪ ಎರಡರಷ್ಟಾಗುತ್ತೆ, ಕಣ್ಣಿಗೇ ಕಾಣುತ್ತೆ. ಕೊಂಡಿ ಇದ್ದದ್ದು 8.52 ತೂಗಿತು, ಅದರಲ್ಲಿ ಕೊಂಡಿಯದ್ದೆಷ್ಟು ನಾಣ್ಯದ್ದೆಷ್ಟು ಅಂತ ಹೇಗೆ ಹೇಳೋದು?

ಹಿತ್ತಾಳೆ ಬಿಲ್ಲೆ ತೂಗಿದಾಗ ಬೆಚ್ಚಿಬಿದ್ದೆ. 3.41 ಗ್ರಾಂ! ವರಾಹದ ತೂಕ ಸುಮಾರು 3.4. ಮಾಡಿದವನು ತೂಕ ನೋಡಿಯೇ ಮಾಡಿದ್ದಾನೆ, ಅದಕ್ಕೆ ದಪ್ಪ ಜಾಸ್ತಿ ಇಟ್ಟಿದ್ದಾನೆ. ಕೈಯಲ್ಲಿ ಬಡಿದು ಅಚ್ಚು ಹಾಕಿದ ಹಳೇ ನಾಣ್ಯಕ್ಕೆ ಇಷ್ಟೇ ದಪ್ಪ ಅಂತ ನಿಯಮ ಇಲ್ಲವಲ್ಲ. ಸಾವರಿನ್ನಿಗೆ ಸಾಕಾದ ಪರೀಕ್ಷೆ ವರಾಹಕ್ಕೆ ಸಾಕಾಗಲಿಲ್ಲ.

ಇಲ್ಲಿ ನೀರು ಬೇಕು. ಪುಟ್ಟ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ಪೂರ್ತಿ ಮುಳುಗುವಂತೆ, ತಳಕ್ಕೂ ಅಂಚಿಗೂ ತಾಗದಂತೆ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ನಾಣ್ಯದ ತೂಕವನ್ನು ಭಾಗಿಸಿ. ಸಿಗೋದು ಸಾಂದ್ರತೆ, ಅಂದರೆ ಅದೇ ಗಾತ್ರದ ನೀರಿಗಿಂತ ನಾಣ್ಯ ಎಷ್ಟು ಪಟ್ಟು ಭಾರ ಅನ್ನೋದು. 1918ರದ್ದು 0.45 ತೋರಿಸಿತು, ಲೆಕ್ಕ 17.7. 22 ಕ್ಯಾರೆಟ್‌ಗೆ ಇರಬೇಕಾದದ್ದೂ ಅಷ್ಟೇ. ಹಿತ್ತಾಳೆ ಬಿಲ್ಲೆ 0.40 ತೋರಿಸಿತು, 8.5. ಎರಡು ನಿಮಿಷದಲ್ಲಿ ದೊಡ್ಡಪ್ಪನ ಚೀಲದ ಕಥೆ ಮುಗಿಯಿತು. ಕೊಂಡಿಯದ್ದು ಮೊದಲ ಸಲ 16ಕ್ಕೆ ಇಳಿಯಿತು, ನೋಡಿದರೆ ಕೊಂಡಿಯೊಳಗೆ ಗಾಳಿಗುಳ್ಳೆ ಕೂತಿತ್ತು, ಅಲ್ಲಾಡಿಸಿ ತೆಗೆದ ಮೇಲೆ 17.4. ನೆನಪಿರಲಿ, ತಕ್ಕಡಿ 0.01 ಅತ್ತಿತ್ತ ಆದರೂ 17.7 ಇದ್ದದ್ದು 17.3 ಆಗುತ್ತೆ ಇಲ್ಲವೇ 18.1. ಹಾಗಾಗಿ ಐದಾರು ಸಲ ಮಾಡಿ. ನನ್ನ ಕೈ ನಡುಗುತ್ತಿತ್ತು ಅಂತ ಕೊನೆಗೆ ದಾರವನ್ನು ಅಡ್ಡ ಪೆನ್ಸಿಲ್‌ಗೆ ಕಟ್ಟಿ, ಎರಡು ಡಬ್ಬಿಗಳ ಮೇಲೆ ಪೆನ್ಸಿಲ್ ಇಟ್ಟೆ.

ಒರೆಗಲ್ಲಿಗೆ ಚೌಕಿಪೇಟೆ ಕಡೆ ಗೊತ್ತಿದ್ದ ಪತ್ತಾರರ ಹತ್ತಿರ ಹೋದೆ. ಕಪ್ಪು ಕಲ್ಲಿನ ಮೇಲೆ ನಾಣ್ಯದ ಅಂಚು ಒಂದು ಗೆರೆ, ಪಕ್ಕದಲ್ಲಿ 22 ಕ್ಯಾರೆಟ್ ಕಡ್ಡಿಯದ್ದು ಇನ್ನೊಂದು ಗೆರೆ, ಎರಡರ ಮೇಲೂ ಆಸಿಡ್. ಹಿತ್ತಾಳೆ ಗೆರೆ ಬುಸ್ ಅಂತ ಹಸಿರಾಗಿ ಮಾಯ. ಸಾವರಿನ್ ಗೆರೆ ಕೂತ ಜಾಗದಲ್ಲೇ ಕೂತಿತ್ತು. "ಬಂಗಾರ ಚಲೋ ಐತ್ರಿ, ಆದ್ರೆ ಕೊಂಡಿ ಬೆಸುಗೆ ಕಡಿಮೆದ್ದು" ಅಂದರು. ಅನುಭವದ ಕಣ್ಣಿಗೆ ಬೆಲೆ ಕಟ್ಟಲಾಗಲ್ಲ, ಆದರೆ 1918ರದ್ದರ ಅಂಚಿನ ಗೀಟಿನಲ್ಲಿ ಈಗ ಒಂದು ಸಣ್ಣ ನುಣುಪು ಜಾಗ ಇದೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಅಪರೂಪದ ನಾಣ್ಯವಾಗಿದ್ದರೆ ಉಜ್ಜಿಸಬೇಡಿ.

ಹಾಲ್‌ಮಾರ್ಕ್ ಸೆಂಟರ್‌ನ ಎಕ್ಸ್‌ರೇ ಮಷೀನಿಗೆ 200 ರೂಪಾಯಿ ಕೊಟ್ಟೆ. ಗೀರಿಲ್ಲ, ನೋವಿಲ್ಲ, ನೂರಕ್ಕೆ ಎಷ್ಟು ಬಂಗಾರ ಅಂತ ನಿಮಿಷದೊಳಗೆ ಚೀಟಿ. 1918ರದ್ದು 91.7, 1911ರ ಮುಖ 91.6, ಕೊಂಡಿ ಪಕ್ಕದ ಬೆಸುಗೆ 84. ಪತ್ತಾರರು ಕಣ್ಣಲ್ಲೇ ಹೇಳಿದ್ದನ್ನು ಮಷೀನು ಅಂಕಿಯಲ್ಲಿ ಹೇಳಿತು. ಆದರೆ ಇದು ನೋಡೋದು ಮೇಲಿನ ತೆಳು ಪದರ ಮಾತ್ರ. ದಪ್ಪ ಲೇಪದೊಳಗೆ ಬೇರೇನಿದ್ದರೂ ಇದಕ್ಕೆ ಕಾಣಲ್ಲ, ಆಗ ನೀರೇ ಗತಿ. ಅಪ್ಪಟ 24 ಕ್ಯಾರೆಟ್ ಬಿಸ್ಕತ್ತಿಗಾದರೆ ನೀರೂ ಸೋಲಬಹುದು, ಟಂಗ್‌ಸ್ಟನ್ 19.25, ಬಂಗಾರ 19.32, ಎರಡೂ ಹತ್ತಿರ ಹತ್ತಿರ.

ಇಷ್ಟೆಲ್ಲ ಆದ ಮೇಲೂ ಒಂದು ಉಳಿಯುತ್ತೆ. ಬಂಗಾರ ಅಸಲಿ ಅನ್ನೋದು ಬೇರೆ, ನಾಣ್ಯ ಅಸಲಿ ಅನ್ನೋದು ಬೇರೆ. ಸರಿಯಾದ 22 ಕ್ಯಾರೆಟ್ ಬಂಗಾರದಲ್ಲೇ ಖಾಸಗಿಯಾಗಿ ಅಚ್ಚು ಹಾಕಿದ ಸಾವರಿನ್‌ಗಳೂ ಇವೆ, ಅವು ಮೇಲಿನ ಎಲ್ಲ ಪರೀಕ್ಷೆಯಲ್ಲೂ ಪಾಸು. ಅದಕ್ಕೆ ಭೂತಗನ್ನಡಿಯೊಂದೇ ದಾರಿ. 1918ರದ್ದರ ಹಿಂಬದಿಯ ಕುದುರೆ ಸವಾರನ ಚಿತ್ರದಲ್ಲಿ, ಕುದುರೆ ಕೆಳಗಿನ ನೆಲದಲ್ಲಿ, ಇಸವಿಯ ಮೇಲೆ, ಪುಟ್ಟ ಇಂಗ್ಲಿಷ್ ಐ ಅಕ್ಷರ ಇದೆ. ಮುಂಬೈನಲ್ಲಿ ಅಚ್ಚಾದದ್ದರ ಗುರುತು, ಅಲ್ಲಿ ಸಾವರಿನ್ ಮಾಡಿದ್ದು ಆ ಒಂದೇ ವರ್ಷ. ಕುದುರೆಯ ಬಾಲದ ಕೂದಲೂ ಬಿಡಿಬಿಡಿಯಾಗಿ ಕಾಣುತ್ತೆ. 1911ರದ್ದರಲ್ಲಿ ಬಾಲ ಮುದ್ದೆಮುದ್ದೆ. ಅಜ್ಜಿಯ ಕೊರಳಲ್ಲಿ ಸವೆದದ್ದೋ, ಅಚ್ಚೇ ಹಾಗೋ, ನನ್ನ ಕಣ್ಣಿಗೆ ನಿರ್ಧಾರ ಆಗಲಿಲ್ಲ. ಮಾರೋದಿಲ್ಲವಾದ್ದರಿಂದ ತಲೆ ಕೆಡಿಸಿಕೊಂಡಿಲ್ಲ.

ಮತ್ತೆ ಯಾವುದಾದರೂ ನಾಣ್ಯ ಬಂದರೆ ತಕ್ಕಡಿ, ನೀರು, ಮಷೀನು ಇಷ್ಟೇ ಮಾಡುತ್ತೇನೆ. ಬಿಲ್ಲೆ ವಾಪಸ್ ಕೊಡಲು ಹೋದಾಗ ದೊಡ್ಡಪ್ಪ ಪೇಪರ್‌ನಿಂದ ತಲೆ ಎತ್ತದೆ ಅಂದರು, "ನೀನೇ ಇಟ್ಕೋ, ಇನ್ನೂ ಒಂದೂವರೆ ಕೆಜಿ ಐತೆ."