ಹಾಸನದ ಭಾನುವಾರದ ಬ್ಯಾಸ್ಕೆಟ್‌ಬಾಲ್ ಕೋಚಿಂಗ್: ಪ್ರೆಸ್ ಹಾಕಿದ್ರೆ ಕೈಕಾಲು ನಡುಗೋರಿಗೆ

ಮೊದ್ಲೇ ಹೇಳ್ಬಿಡ್ತೀನಿ, ಕೋರ್ಟ್ ನೋಡಿ ಸೇರೋರಾದ್ರೆ ಇಲ್ಲಿ ಸೇರಲೇಬೇಡಿ. ಸಿಮೆಂಟ್ ಕೋರ್ಟು, ಒಂದ್ ಕಡೆ ರಿಂಗಿಗೆ ನೆಟ್ ಇಲ್ಲ, ಥ್ರೀ ಪಾಯಿಂಟ್ ಲೈನ್ ಅರ್ಧ ಅಳಿಸಿ ಹೋಗಿದೆ, ಮಳೆ ಬಂದ್ರೆ ಅವತ್ತಿನ ಕತೆ ಮುಗೀತು. ಆದ್ರೂ 5ಕ್ಕೆ 4 ಸ್ಟಾರ್ ಕೊಡ್ತಿದೀನಿ.

ಹೋದ ವರ್ಷ ಇಂಟರ್ ಕಾಲೇಜ್ ಮ್ಯಾಚಲ್ಲಿ ಹಾಫ್ ಟೈಮಿಗೆ ನಾವು 9 ಪಾಯಿಂಟ್ ಮುಂದೆ ಇದ್ವಿ. ಥರ್ಡ್ ಕ್ವಾರ್ಟರ್ ಶುರುವಾಗಿದ್ದೇ ತಡ ಎದುರಿನವರು ಫುಲ್ ಕೋರ್ಟ್ ಪ್ರೆಸ್ (ಕೋರ್ಟ್ ಉದ್ದಕ್ಕೂ ಮೈಮೇಲೆ ಬಿದ್ದು ಅಡ್ಡಗಟ್ಟೋ ಡಿಫೆನ್ಸ್) ಹಾಕಿದ್ರು ನೋಡಿ, ನಮಗೆ ಹೊರಗಿಂದ ಬಾಲ್ ಕೋರ್ಟ್ ಒಳಗೆ ಹಾಕೋಕೇ ಆಗ್ತಿಲ್ಲ, ಹಾಕಿದ್ರೂ ಕೋರ್ಟ್ ಮಧ್ಯದ ಹಾಫ್ ಲೈನ್ ದಾಟೋಕೆ ಆಗ್ತಿಲ್ಲ. ನಾನು ಪಾಯಿಂಟ್ ಗಾರ್ಡ್, ಅಂದ್ರೆ ಬಾಲ್ ಮುಂದೆ ತಗೊಂಡ್ಹೋಗೋನು, ಡ್ರಿಬ್ಲಿಂಗ್ ಬಗ್ಗೆ ಸ್ವಲ್ಪ ಕೊಬ್ಬು ಬೇರೆ, ಇಬ್ರು ಬಂದ್ರೂ ನುಗ್ಗಿಬಿಡ್ತೀನಿ ಅಂತ ಸೈಡ್ ಲೈನ್ ಹಿಡ್ಕೊಂಡು ಓಡೋದು, ಬಾಲ್ ಕಳ್ಕೊಳ್ಳೋದು, ಮತ್ತೆ ಓಡೋದು, ಮತ್ತೆ ಕಳ್ಕೊಳ್ಳೋದು. ಕೊನೆಗೆ 14 ಪಾಯಿಂಟಲ್ಲಿ ಸೋತ್ವಿ. ವಾಪಸ್ ಬರ್ತಾ ಬಸ್ಸಲ್ಲಿ ಒಬ್ಬನೂ ಮಾತಾಡ್ಲಿಲ್ಲ.

ಅದಾದ್ಮೇಲೆ ಈ ಕೋಚಿಂಗ್ ಬಗ್ಗೆ ಸೀನಿಯರ್ ಒಬ್ರು ಹೇಳಿದ್ರು. 8 ಭಾನುವಾರ, 2400 ರೂಪಾಯಿ, ಬೆಳಗ್ಗೆ 6:30ಕ್ಕೆ. ನಾನು ಹಾಸನದಲ್ಲೇ ಇರೋನು ಸರಿ, ಚನ್ನರಾಯಪಟ್ಟಣ, ಹೊಳೆನರಸೀಪುರದಿಂದ ಫಸ್ಟ್ ಬಸ್ ಹಿಡಿದು ಬರೋರೂ ಇದ್ರು.

ಫಸ್ಟ್ ಡೇನೇ ಸರ್ ಡ್ರಿಬಲ್ ಬ್ಯಾನ್ ಮಾಡಿದ್ರು. ಬಾಲ್ ಇರೋ ಟೀಮಲ್ಲಿ 5 ಜನ, ಎದುರಿಗೆ 7 ಜನ, ಒಂದ್ಸಲನೂ ಕುಟ್ಟದೆ ಬರೀ ಪಾಸಲ್ಲಿ ಆ ಕಡೆ ತಲುಪ್ಬೇಕು. ಅರ್ಧ ಗಂಟೆ ನಾವು ಹಾಫ್ ಲೈನ್ ಮುಖ ನೋಡ್ಲಿಲ್ಲ. ನಾನು ಅಭ್ಯಾಸ ಬಲಕ್ಕೆ ಮತ್ತೆ ಮೂಲೆಗೆ ಹೋದೆ, ಆಗ ಸರ್ ಶಿಳ್ಳೆ ಊದಿ, "ಕರು ಹಿಡಿಯೋಕೆ ಏನಯ್ಯ ಮಾಡ್ತಾರೆ? ಕೊಟ್ಟಿಗೆ ಮೂಲೆಗೆ ಓಡಿಸ್ತಾರೆ. ಇಲ್ಲಿ ನಿನ್ನ ಯಾರೂ ಓಡಿಸೋದೇ ಬೇಡ, ನೀನಾಗೇ ಹೋಗಿ ನಿಂತ್ಕೊತೀಯಲ್ಲೋ" ಅಂದ್ರು. ಎಲ್ರೂ ನಕ್ರು. ನಂಗೆ ನಗು ಬರ್ಲಿಲ್ಲ, ಹೋದ ವರ್ಷದ ಮ್ಯಾಚ್ ಪೂರ್ತಿ ಅರ್ಥ ಆಗೋಯ್ತು.

ಲೆಕ್ಕ ಸಿಂಪಲ್. ನಿಮ್ಮ ಮೇಲೆ ಇಬ್ರು ಟ್ರ್ಯಾಪಿಗೆ (ಸುತ್ತುವರಿದು ಹಿಡಿಯೋಕೆ) ಬಂದ್ರು ಅಂದ್ರೆ ಮಿಕ್ಕ 4 ಜನರನ್ನ 3 ಜನ ಕಾಯ್ಬೇಕು, ಒಬ್ಬ ಖಾಲಿ ಇದ್ದೇ ಇರ್ತಾನೆ. ಸಾಮಾನ್ಯವಾಗಿ ಆ ಖಾಲಿ ಇರೋನು ನಿಮ್ಮ ಹಿಂದೆ, ಈಗಷ್ಟೇ ಥ್ರೋ ಇನ್ ಮಾಡಿ, ಅಂದ್ರೆ ಲೈನ್ ಹೊರಗಿಂದ ಬಾಲ್ ಹಾಕಿ, ಒಳಗೆ ಕಾಲಿಟ್ಟವನು. ಅವನಿಗೆ ವಾಪಸ್ ಕೊಡಿ, ಅವನು ಆ ಕಡೆ ಸೈಡಿಗೆ ತಿರುಗಿಸ್ಲಿ, ಇಲ್ಲಾ ಮಧ್ಯದಲ್ಲಿ ನಿಂತಿರೋ ಎತ್ತರದವನಿಗೆ ಕೊಡ್ಲಿ, ಡಿಫೆನ್ಸ್ ಪೂರ್ತಿ 15 ಮೀಟರ್ ಅಗಲ ಓಡ್ಬೇಕಾಗುತ್ತೆ. ಮುಂದೆ ಹೋಗೋಕೆ ಹಿಂದೆ ಪಾಸ್ ಕೊಡೋದು ಅನ್ನೋದು ನನ್ನ ತಲೆಗೆ ಇಳಿಯೋಕೆ ಮೂರು ಭಾನುವಾರ ಹಿಡೀತು, ಸುಳ್ಳು ಯಾಕೆ ಹೇಳ್ಲಿ.

ಇನ್ನೊಂದು, ನಾವೆಲ್ಲ ಫೋನಲ್ಲಿ ಅಮೆರಿಕದ ಕಾಲೇಜ್ ಮ್ಯಾಚ್ ನೋಡಿ ಬಂದಿರೋರು. ಅಲ್ಲಿ ಹಾಫ್ ಲೈನ್ ದಾಟೋಕೆ 10 ಸೆಕೆಂಡ್, ನಾವು ಆಡೋ ಫೀಬಾ (ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ರೂಲಲ್ಲಿ 8. ಎದುರಿನವನು ಬಾಲ್ ತಟ್ಟಿ ಹೊರಗೆ ಹಾಕಿದ್ರೂ ಎಣಿಕೆ ಮತ್ತೆ ಒಂದರಿಂದ ಶುರು ಆಗಲ್ಲ, ನಿಂತಲ್ಲಿಂದಲೇ ಮುಂದುವರಿಯುತ್ತೆ. ನಾವು ಇಷ್ಟು ದಿನ ಉಲ್ಟಾ ತಿಳ್ಕೊಂಡಿದ್ವಿ! ಬಾಸ್ಕೆಟ್ ಬಿದ್ಮೇಲೆ ಥ್ರೋ ಇನ್ ಮಾಡೋನು ಬೇಸ್ ಲೈನ್ ಉದ್ದಕ್ಕೂ ಓಡಾಡ್ಬಹುದು, ಲೈನ್ ಹಿಂದೆ ನಿಂತಿರೋ ಇನ್ನೊಬ್ಬನಿಗೂ ಕೊಡ್ಬಹುದು, 5 ಸೆಕೆಂಡ್ ಮಾತ್ರ ಮೀರಬಾರದು. ಮತ್ತೆ ಲಾಸ್ಟ್ 2 ನಿಮಿಷದಲ್ಲಿ ಅವರು ಬಾಸ್ಕೆಟ್ ಹಾಕಿದ ಮೇಲೆ ನಾವು ಟೈಮ್ ಔಟ್ ತಗೊಂಡ್ರೆ ಬಾಲನ್ನ ಸೀದಾ ಅವರ ಅರ್ಧದಲ್ಲೇ ಸೈಡಿಂದ ಹಾಕೋಕೆ ಕೇಳ್ಬಹುದು, ಪ್ರೆಸ್ ಹಾಕೋಕೆ ಜಾಗನೇ ಇರಲ್ಲ. ಹೋದ ವರ್ಷ ನಮ್ಮ ಬೆಂಚಲ್ಲಿ ಇದು ಗೊತ್ತಿದ್ದೋರು ಒಬ್ರೂ ಇರ್ಲಿಲ್ಲ, ಒಂದು ಟೈಮ್ ಔಟ್ ಹಂಗೇ ಉಳಿದೋಗಿತ್ತು. ಈ ಒಂದು ಮಾತಿಗೇ ಅರ್ಧ ಫೀಸ್ ವಸೂಲಿ ನನ್ನ ಪ್ರಕಾರ.

ಒಂದಿನ ಮಳೆ ಅಂತ ಶೆಡ್ಡಲ್ಲಿ ಕೂರಿಸಿ ಸರ್ ಅಮೆರಿಕದ ಯುಸಿಎಲ್ಎ ಯೂನಿವರ್ಸಿಟಿಯ 1964ರ ಟೀಮಿನ ಕತೆ ಹೇಳಿದ್ರು. ಜಾನ್ ವುಡನ್ ಕೋಚು, ಸ್ಟಾರ್ಟಿಂಗ್ ಐವರಲ್ಲಿ 6 ಅಡಿ 5 ಇಂಚು ಮೀರಿದವನು ಒಬ್ಬನೂ ಇಲ್ಲ, ಆದ್ರೂ 2-2-1 ಝೋನ್ ಪ್ರೆಸ್ (ಮುಂದೆ ಇಬ್ರು, ಮಧ್ಯ ಇಬ್ರು, ಹಿಂದೆ ಒಬ್ಬ) ಹಾಕ್ಕೊಂಡು ಆ ಸೀಸನ್ 30ಕ್ಕೆ 30 ಮ್ಯಾಚ್ ಗೆದ್ರು. ಫೈನಲಲ್ಲಿ ಡ್ಯೂಕ್ ಯೂನಿವರ್ಸಿಟಿ ಮೇಲೆ ಒಂದು ಟೈಮಲ್ಲಿ ಸತತ 16 ಪಾಯಿಂಟ್, ಎದುರಿನವರಿಗೆ ಸೊನ್ನೆ. ಸರ್ ಹೇಳಿದ್ದು ಇಷ್ಟೇ, ಪ್ರೆಸ್ ಹಾಕೋರಿಗೆ ಪ್ರತೀ ಸಲ ಬಾಲ್ ಕಿತ್ಕೊಳ್ಳೋದೇ ಬೇಕಿಲ್ಲ, ನಿಮಗೆ ಗಾಬರಿ ಹುಟ್ಟಿದ್ರೆ ಸಾಕು, ಮಿಕ್ಕಿದ್ದು ನೀವೇ ಮಾಡ್ಕೊತೀರಾ.

ಈಗ ಬೇಜಾರಾಗಿದ್ದು. 8ರಲ್ಲಿ 2 ಕ್ಲಾಸ್ ಮಳೆಗೆ ಹೋಯ್ತು, ಬದಲಿ ಕ್ಲಾಸ್ ಇಲ್ಲ, ದುಡ್ಡೂ ವಾಪಸ್ ಇಲ್ಲ, ರಸೀದಿ ಕೇಳಿದ್ರೆ ಮುಂದಿನ ವಾರ ಅಂದೋರು ಇವತ್ತಿಗೂ ಕೊಟ್ಟಿಲ್ಲ. ಕ್ಲಾಸ್ ಇಲ್ಲ ಅಂತ ವಾಟ್ಸಾಪ್ ಮೆಸೇಜ್ ಬರೋದು 6:15ಕ್ಕೆ, ಅಷ್ಟೊತ್ತಿಗೆ ಹೊಳೆನರಸೀಪುರದ ಹುಡುಗ ಬಂದು ಇಳಿದಾಗಿರುತ್ತೆ. 22 ಜನಕ್ಕೆ ಒಬ್ರೇ ಸರ್, 6 ಬಾಲ್. ಇದಕ್ಕಿಂತ ದೊಡ್ಡ ಕೊರತೆ ಅಂದ್ರೆ ಹಾಫ್ ಲೈನ್ ದಾಟಿದ್ಮೇಲೆ ಏನು ಅನ್ನೋದನ್ನ ಕೊನೇ ಕ್ಲಾಸಲ್ಲಿ ಅರ್ಧ ಗಂಟೆ ಹೇಳಿ ಮುಗಿಸಿದ್ದು. ದಾಟಿದ ತಕ್ಷಣ ಎದುರಿಗೆ ಬರೀ ಇಬ್ರು, ನಾವು ಮೂವರು, ಅಲ್ಲೇ ನುಗ್ಗಿ ಲೇ ಅಪ್ ಹಾಕ್ಬೇಕು, ನಾವು ಉಸ್ಸಪ್ಪ ಅಂತ ನಿಂತ್ಬಿಡ್ತೀವಿ, ಅಷ್ಟರಲ್ಲಿ ಐವರೂ ವಾಪಸ್ ಬಂದಿರ್ತಾರೆ. ಅದಕ್ಕೇ ಒಂದು ಸ್ಟಾರ್ ಕಟ್.

ಈ ವರ್ಷ ಮತ್ತೆ ಅದೇ ಟೀಮ್ ಸಿಕ್ತು, ಅದೇ ಥರ್ಡ್ ಕ್ವಾರ್ಟರ್, ಅದೇ ಪ್ರೆಸ್. ಸೋತ್ವಿ, 3 ಪಾಯಿಂಟಲ್ಲಿ. ಆದ್ರೆ 8 ಸೆಕೆಂಡ್ ವಯಲೇಶನ್ ಒಂದೂ ಇಲ್ಲ, ಫೋರ್ತ್ ಕ್ವಾರ್ಟರಲ್ಲಿ ಅವರೇ ಪ್ರೆಸ್ ತೆಗೆದು ಹಾಫ್ ಕೋರ್ಟ್ ಡಿಫೆನ್ಸಿಗೆ, ಅಂದ್ರೆ ಅವರ ಅರ್ಧ ಮಾತ್ರ ಕಾಯೋಕೆ, ಇಳಿದ್ರು.

ಸೇರೋರಿದ್ರೆ ಮಳೆಗಾಲದ ಬ್ಯಾಚ್ ಬಿಟ್ಟು ದಸರಾ ಆದ್ಮೇಲಿನ ಬ್ಯಾಚಿಗೆ ಸೇರಿ, ಬಾಲ್ ಮನೆಯಿಂದಲೇ ತಗೊಂಡ್ಹೋಗಿ, ದುಡ್ಡು ಕೊಡೋಕೆ ಮುಂಚೆ ರಸೀದಿ ಕೇಳಿ.